ನೂರ ಅರವತ್ತೆರಡು

ವಾಲ್ಪರೈಸೊ ಬಂದರಿನ ನಮ್ಮ ಗುಡ್ಡಕ್ಕೆ
ಎರಡು ಮರದ ಪೆಟ್ಟಿಗೆ, ಒಂದೇ ಹಗ್ಗ.
ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು.
ಮೂವತ್ತೊಂದು ವರ್ಷ ನನ್ನಪ್ಪ ಎವರಿಸ್ತೊ
ಮೇಲಿನ ಕೋಣೆಯಲ್ಲಿ ಕೂತು ಗಾಲಿ ತಿರುಗಿಸಿದ.
ಜನ ಏರಿದರು, ಸಂತೆಯ ಚೀಲ ಏರಿತು,
ಒಮ್ಮೆ ಒಂದು ಪಿಯಾನೊ ಏರಿತು,
ಒಂದು ರಾತ್ರಿ ಔರಿಸ್ತೆಲಾಳ ಹೆರಿಗೆ ನೋವು ಇಳಿಯಿತು.
ಅವನು ಮಾತ್ರ ಇದ್ದಲ್ಲೇ.

ಮೊದಲು ಹೋದದ್ದು ಗಂಟೆ.
ಕೆಳಗಿನಿಂದ ಒಂದು ಸಲ ಬಾರಿಸಿದರೆ ಏನು, ಎರಡು ಸಲ ಬಾರಿಸಿದರೆ ಏನು,
ಒಂದು ಮಂಗಳವಾರ ಅವನಿಗೆ ತಿಳಿಯಲಿಲ್ಲ.
ಮೀನಿನ ಹೆಂಗಸರು ನಡುದಾರಿಯಲ್ಲಿ ನೇತಾಡಿದರು
ಅರ್ಧ ಗಂಟೆ, ಬೈಯುತ್ತಾ, ನಗುತ್ತಾ.
ನಾವೂ ನಕ್ಕೆವು. ವಯಸ್ಸು ಅಂದೆವು.
ಆಮೇಲೆ ಕೀಲಿಕೈ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು.
ಅದಕ್ಕೂ ಆಮೇಲೆ, ಕೀಲಿಕೈ ಕೈಯಲ್ಲೇ ಹಿಡಿದು
ಇದರಿಂದ ಏನು ಮಾಡುತ್ತಾರೆ ಎಂದು ಕೇಳಿದ.
ಮರೆಯುವುದು ಬೇರೆ. ಇದು ಬೇರೆ.

ಇದಕ್ಕೆ ಹೆಸರಿದೆ, ಅಲ್ಝೈಮರ್, ಅಂದಳು ಡಾಕ್ಟರು.
ಮಿದುಳಿನ ಚಿತ್ರ ತೋರಿಸಿದಳು:
ಕೋಶಗಳ ನಡುವೆ ಒಂದು ಪ್ರೋಟೀನು ಗಸಿಯಂತೆ ಕೂರುತ್ತದೆ,
ಒಳಗೆ ಇನ್ನೊಂದು ನೂಲಿನಂತೆ ಸಿಕ್ಕಾಗುತ್ತದೆ.
ಅಪ್ಪ ತಟ್ಟನೆ ತಲೆ ಎತ್ತಿದ:
"ಉಪ್ಪುಗಾಳಿ. ಹಲ್ಲುಗಾಲಿಯ ಸಂದಿನಲ್ಲಿ ಕೂರುತ್ತದೆ.
ಸದ್ದು ಕೇಳುವ ಹೊತ್ತಿಗೆ ತಡವಾಗಿರುತ್ತದೆ."
ಅದೇ ಅವನ ಕೊನೆಯ ಮಾತು ಎಂದಿದ್ದರೆ ಕತೆ ಚೆನ್ನಾಗಿರುತ್ತಿತ್ತು.
ಅಲ್ಲ. ಇನ್ನೂ ಎರಡು ವರ್ಷ ಮಾತಾಡಿದ,
ಹೆಚ್ಚಾಗಿ ಹಸಿವಿನ ಬಗ್ಗೆ, ಚಪ್ಪಲಿಯ ಬಗ್ಗೆ.

ಎಷ್ಟು ಮೊದಲೇ ಶುರುವಾಗುತ್ತದೆ, ಕೇಳಿದ್ದೆ.
ಹದಿನೈದು, ಇಪ್ಪತ್ತು ವರ್ಷ ಮೊದಲೇ.
ಬಸ್ಸಿನಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದೆ:
ನನ್ನ ಮದುವೆ. ಕರವಸ್ತ್ರ ಬೀಸಿ ಕುಣಿದನಲ್ಲ,
ಇಡೀ ಗುಡ್ಡವನ್ನು ಹೆಸರು ಹಿಡಿದು ಕರೆಯುತ್ತಾ,
ಆಗಲೇ ಬಂದು ಕೂತಿತ್ತು ಅದು, ಕರೆಯದ ನೆಂಟ,
ಪಂಕ್ತಿಯ ಕೊನೆಯಲ್ಲಿ.
ಆ ದಿನ ಅವನಿಗೆ ಐವತ್ತು.
ಈ ಏಪ್ರಿಲ್‌ಗೆ ನನಗೆ.

ನರ್ಸ್ ಓರ್ತೆನ್ಸಿಯಾ ತೋಳಿಗೆ ಪಟ್ಟಿ ಬಿಗಿದಳು.
ನೂರ ಐವತ್ತೆರಡು. ಅಡಿಗೆಗೆ ಉಪ್ಪು ಕಣ್ಣಳತೆಯೋ, ಅಂದಳು.
ಸಿಗರೇಟು? ಬಿಟ್ಟೆ. ಪೂರ್ತಿ? ಹೆಚ್ಚುಕಡಿಮೆ.
ಸಕ್ಕರೆ ನೋಡಿದಳು, ನಿದ್ದೆ ಕೇಳಿದಳು,
ವಾರಕ್ಕೆ ಎಷ್ಟು ಜನರ ಜೊತೆ ಮಾತಾಡುತ್ತೀ ಅಂತಲೂ.
ಅದಕ್ಕೂ ಮಿದುಳಿಗೂ ಏನು?
"ತೆಗೆಯದ ಬಾಗಿಲಿನ ಕೀಲು ತುಕ್ಕು ಹಿಡಿಯುತ್ತೆ."
ಎಡಗಿವಿ ಮಂದವಾಗಿದೆ, ಯಂತ್ರ ಹಾಕಿಸು ಅಂದಳು.
ಇಷ್ಟೆಲ್ಲ ಮಾಡಿದರೆ ಬರುವುದಿಲ್ಲವಾ?
ಅವಳು ಸುಳ್ಳು ಹೇಳಲಿಲ್ಲ.
"ತಡೆಯುತ್ತೆ ಅನ್ನಲಾರೆ. ತಡ ಮಾಡಿಸಬಹುದು.
ಕೆಲವರಿಗೆ ಬಾರದೆಯೂ ಹೋಗಬಹುದು.
ಅಪ್ಪನಿಂದ ಬಂದ ರಕ್ತ ಬದಲಿಸಲಾರೆ,
ಅದರ ಒತ್ತಡ ಇಳಿಸಬಲ್ಲೆ."

ಹಾಗಾಗಿ ಅಪ್ಪನ ಪೆಟ್ಟಿಗೆ ಹತ್ತುವುದಿಲ್ಲ ನಾನು.
ಪಕ್ಕದ ಮೆಟ್ಟಿಲು. ನೂರ ಅರವತ್ತೆರಡು.
ಕಡಲ ಮಂಜಿನಲ್ಲಿ ನೆನೆಯುತ್ತಾ, ಅವನನ್ನು ನೆನೆಯುತ್ತಾ,
ಚೀಲದಲ್ಲಿ ಮೀನು, ಬೀನ್ಸು, ಒಂದು ಕಟ್ಟು ಸೊಪ್ಪು.
ಎಣಿಕೆ ತಪ್ಪದೆ ಮೇಲೆ ಮುಟ್ಟಿದರೆ ಆ ದಿನ ನನ್ನದು,
ಹೀಗೊಂದು ಪೆದ್ದು ಹರಕೆ.

ನಿನ್ನೆ ತಪ್ಪಿತು.
ತೊಂಬತ್ತೊಂದೋ, ನೂರ ಒಂದೋ.
ಕಾಲು ನಿಂತಿತು. ಎದೆ ನಿಂತಿತು.
ಬಂತಾ, ಇಷ್ಟು ಬೇಗ ಬಂತಾ...
ಆಗ ಗೊತ್ತಾಯಿತು: ಎಡಗಡೆ ಒಂದು ಹಕ್ಕಿ.
ಹಳದಿ ತಗಡಿನ ಮನೆಯ ಕಿಟಕಿಯಲ್ಲಿ, ಪಂಜರದಲ್ಲಿ,
ಗಂಟಲು ಹರಿಯುವ ಹಾಗೆ.
ಎಷ್ಟು ದಿನದಿಂದ ಇದೆ ಇದು, ಕೇಳಿದೆ ಮುದುಕ ಎರ್ಮೋಹೆನೆಸ್‌ನನ್ನು.
"ಆರು ವರ್ಷ. ದಿನಾ ನಿನ್ನನ್ನು ಕೂಗುತ್ತೆ.
ನೀನೇ ಜಂಬದವಳು ಅಂದುಕೊಂಡಿದ್ದೆವು."

ಮೆಟ್ಟಿಲ ಮೇಲೆ ಕೂತುಬಿಟ್ಟೆ, ನಗು ತಡೆಯದೆ.
ಹೆಸರೇನು ಇದರದು?
ಅವನು ಬಾಯಿ ತೆರೆದ.
ಪಂಜರ ನೋಡಿದ, ನನ್ನನ್ನು ನೋಡಿದ, ಮತ್ತೆ ಪಂಜರ.
"ಇರು," ಅಂದ, "ನಾಲಗೆ ತುದಿಯಲ್ಲೇ ಇದೆ, ಇರು."
ಆಚೆ ಹಗ್ಗ ಕಿರುಗುಟ್ಟಿತು, ಒಂದು ಪೆಟ್ಟಿಗೆ ಏರುತ್ತಿತ್ತು.
ನಾನು ಚೀಲ ಕೆಳಗಿಟ್ಟು ಕಾದೆ.